ಗಂಟೆಬಂಡೆಯ ಆಳು

ಸೊಸೆ ಟೋಪಿಯೊಳಗೆ ಕೈ ಹಾಕಿದಳು. ಅತ್ತೆಯ ಹೊಟ್ಟೆಯೊಳಗೆ ಕೆಂಡ ಬಿತ್ತು.

ಟೋಪಿ ಸಂಘದ ಅಧ್ಯಕ್ಷ ಅರ್ಸೆನಿಯೊನದು. ಉಣ್ಣೆಯದು, ಎಣ್ಣೆ ಜಿಡ್ಡು ಹಿಡಿದದ್ದು. ಎಲ್ ಮಾನ್ತೊ ಕೊಲ್ಲಿಯಲ್ಲಿ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬಂಡೆಗಳ ಚೀಟಿ ಎತ್ತುತ್ತಾರೆ. ಕಡಲಲ್ಲಿ ನಿಂತ ಒಂದೊಂದು ಬಂಡೆಗೂ ಒಂದೊಂದು ಹೆಸರು. ಯಾರ ಕೈಗೆ ಯಾವ ಬಂಡೆ ಬಂತೋ, ಆ ಬೇಸಿಗೆಯೆಲ್ಲ ಅದರ ಮೇಲಿನ ಕೊಚಾಯುಯೊ ಅವರದು. ತೊಗಲ ಬಾರಿನಷ್ಟು ದಪ್ಪ, ಆಳಿಗಿಂತ ಉದ್ದ ಬೆಳೆಯುವ ಕಡಲಪಾಚಿ ಅದು. ಕೊಯ್ದು, ಮರಳಲ್ಲಿ ಒಣಗಿಸಿ, ಕಂತೆ ಕಟ್ಟಿ ಮಾರಿದರೆ ಚಳಿಗಾಲ ದಾಟುತ್ತದೆ. ಕೆಟ್ಟ ಬಂಡೆ ಬಂದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

"ಗಂಟೆಬಂಡೆ," ಎಂದು ಅರ್ಸೆನಿಯೊ ಚೀಟಿ ಓದಿದ.

ಸಂಘದ ಕೊಟ್ಟಿಗೆಯಲ್ಲಿದ್ದವರೆಲ್ಲ ಕತ್ತು ಚಾಚಿ ಚೀಟಿ ನೋಡಿದರು. ಗಂಟೆಬಂಡೆಯೆಂದರೆ ಬಂಡೆಗಳಲ್ಲಿ ಬಂಡೆ. ಬೇರೆಯವು ಕಡಲಿನ ಎರಡು ಇಳಿತಕ್ಕೆ ಬೋಳಾಗುತ್ತವೆ. ಅದು ಬೇಸಿಗೆಯೆಲ್ಲ ಕೊಟ್ಟರೂ ಇನ್ನೂ ಉಳಿಸಿಕೊಂಡಿರುತ್ತದೆ. ಅತ್ತೆ ಒಟಿಲಿಯಾ ತನ್ನ ಗಂಡ ಎವಾರಿಸ್ತೊ ಬದುಕಿದ್ದ ತನಕ ಪ್ರತಿ ವರ್ಷ ಈ ಟೋಪಿಗೆ ಕೈ ಹಾಕಿದ್ದಳು. "ನನ್ನ ಕೈ ದರಿದ್ರ ಕಣೆ, ನೀನೇ ಎತ್ತು," ಎನ್ನುತ್ತಿದ್ದ ಅವನು. ಒಮ್ಮೆಯೂ ಅವಳಿಗೆ ಗಂಟೆಬಂಡೆ ಬಂದಿರಲಿಲ್ಲ. ಇವತ್ತೂ ಅಭ್ಯಾಸಬಲದಿಂದ ಮುಂದೆ ಹೋಗಿ ಕೈ ಚಾಚಿದ್ದಳು. ಅರ್ಸೆನಿಯೊ ಟೋಪಿಯನ್ನು ಎದೆಗವಚಿಕೊಂಡು, ಕಳ್ಳಬೆಕ್ಕನ್ನು ಅಟ್ಟುವವನ ಹಾಗೆ ಮೊಣಕೈಯಿಂದ ಅವಳನ್ನು ಸರಿಸಿದ್ದ.

"ಕಾರ್ಡಿರೋರ ಕೈ ಮಾತ್ರ ಒಟಿಲಿಯಾ. ಈಗ ಕಾನೂನು ಅಂತ ಒಂದಿದೆ. ನಿನ್ನ ಸೊಸೆ ಬರ್ಲಿ."

ಸೊಸೆ ಯಾರಿತ್ಸಾ ಬಂದಳು. ಒಳನಾಡಿನವಳು, ದ್ರಾಕ್ಷಿ ತೋಟದ ಊರಿನವಳು. ಕಡಲಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ಚೀಟಿ ಎತ್ತಿ ಕೊಟ್ಟು, ಎಲ್ಲರ ಮುಖ ನೋಡಿ, ಅತ್ತೆಯ ಕಡೆ ತಿರುಗಿ ಕೇಳಿದಳು:

"ಒಳ್ಳೇದಾ ಅತ್ತೆ ಅದು?"

ನಗು ಎದ್ದಿತು. ಪಕ್ಕದ ಮನೆಯ ಎದುವಿನಾ ಮುದುಕಿ, ಅವಳಿಗೂ ಕಾರ್ಡಿಲ್ಲ, ಗೋಡೆಗೊರಗಿ ನಿಂತವಳು ಗಟ್ಟಿಯಾಗಿಯೇ ಹೇಳಿದಳು. "ಹಲ್ಲಿದ್ದೋಳಿಗೆ ಕಡಲೆ ಇಲ್ಲ, ಕಡಲೆ ಇದ್ದೋಳಿಗೆ ಹಲ್ಲಿಲ್ಲ. ದೇವರಿಗೂ ಕಣ್ಣಿಲ್ಲ ಬಿಡವ್ವ."

ಒಟಿಲಿಯಾ ನಗಲಿಲ್ಲ. ಸೊಸೆಯ ಕೈಯನ್ನೇ ನೋಡುತ್ತಿದ್ದಳು. ಒಂದು ಗಾಯವಿಲ್ಲ, ಒಂದು ಒಡಕಿಲ್ಲ. ಆ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಕಾರ್ಡು ಸೊಸೆಯ ಕೊರಳಿಗೆ ಹೇಗೆ ಬಂತು ಎಂದರೆ, ಅದು ಕಾನೂನಿನ ಕೆಲಸ. ರಾಜಧಾನಿ ಸಾಂತಿಯಾಗೊದಲ್ಲಿ ಕೂತವರು ಒಂದು ವರ್ಷ ಹೇಳಿದರು, ಪಾಚಿ ಕೊಯ್ಯುವವರೆಲ್ಲ ಹೆಸರು ನೋಂದಾಯಿಸಬೇಕೆಂದು. ಊರಿನ ಗಂಡಸರೆಲ್ಲ ಬಸ್ಸು ಹತ್ತಿ ಹೋಗಿ ಹೆಸರು ಕೊಟ್ಟು ಕಾರ್ಡು ತಂದರು. ಮನೆಗೊಂದು ಹೆಸರು ಸಾಕು ಅಂದುಕೊಂಡರು. ಹೆಂಗಸರು ಆ ದಿನ ಎಲ್ಲಿದ್ದರು? ನೀರಲ್ಲಿ. ಆಮೇಲೆ ನೋಂದಣಿ ಮುಚ್ಚಿತು. ಹೊಸ ಹೆಸರು ಸೇರಿಸುವುದಿಲ್ಲ, ಕಡಲು ಬರಿದಾಗುತ್ತಿದೆ ಅಂದರು. ಕಡಲನ್ನು ಬರಿದು ಮಾಡಿದ್ದು ಎದುವಿನಾಳ ಕುಡುಗೋಲೋ, ರಾತ್ರೋರಾತ್ರಿ ಬುಡಸಮೇತ ಕಿತ್ತು ಲಾರಿಗೆ ತುಂಬಿದವರೋ ಎಂದು ಯಾರೂ ಕೇಳಲಿಲ್ಲ.

ಎವಾರಿಸ್ತೊ ಎದೆನೋವಿನಿಂದ ಸತ್ತ. ಹೆಂಡತಿಗೆ ಕಾರ್ಡು ಬರುತ್ತದೆ ಎಂದು ಕಚೇರಿಯ ಗುಮಾಸ್ತೆ ಹೇಳಿದಳು. ಮದುವೆ ಪತ್ರ ಎಲ್ಲಿ ಎಂದಳು.

ಪತ್ರ ಇರಲಿಲ್ಲ. ಇರಬೇಕಿತ್ತು. ಪಟ್ಟಣದ ಕಚೇರಿಯಲ್ಲಿ ದಿನ ಗೊತ್ತುಮಾಡಿದ್ದರು. ಒಟಿಲಿಯಾ ಎರವಲು ಚಪ್ಪಲಿ ತಂದಿದ್ದಳು, ನೀಲಿ ಲಂಗ ಹೊಲಿಸಿದ್ದಳು. ಆ ಬೆಳಗ್ಗೆ ಕಡಲು ಯಾವತ್ತೂ ಹೋಗದಷ್ಟು ಹಿಂದಕ್ಕೆ ಹೋಯಿತು. ಹುಟ್ಟಿದಾಗಿನಿಂದ ಬೆನ್ನು ತೋರಿಸದ ಬಂಡೆಗಳು ಬುಡ ತೋರಿಸಿಕೊಂಡು ನಿಂತವು. ಎವಾರಿಸ್ತೊ ಹೊಸ ಅಂಗಿಯಲ್ಲೇ ಬಾಗಿಲಿಗೆ ಬಂದ. "ಮದ್ವೆ ನಾಳೆನೂ ಆಗ್ಬಹುದು ಕಣೆ. ಈ ಇಳಿತ ನಾಳೆ ಬರಲ್ಲ," ಅಂದ. ಒಟಿಲಿಯಾ ನಕ್ಕುಬಿಟ್ಟಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಡುಗೋಲು ಹಿಡಿದು ಹೊರಟಳು. ಸಂಜೆಯವರೆಗೆ ಕೊಯ್ದರು. ಅಷ್ಟು ಸುಖದ ದಿನ ಅವಳ ಬಾಳಲ್ಲಿ ಇನ್ನೊಂದಿಲ್ಲ. ಮುಂದಿನ ತಿಂಗಳು ಹೋಗೋಣ ಅಂದುಕೊಂಡರು. ಮುಂದಿನ ತಿಂಗಳು ಬಸುರಿ. ಆಮೇಲೆ ಮಗು. ಆಮೇಲೆ ಯಾರಿಗೆ ನೆನಪು?

ಅರ್ಸೆನಿಯೊ ಆವತ್ತು ಸಂಘದಲ್ಲಿ ಎಲ್ಲರ ಮುಂದೆ ತೀರ್ಪು ಕೊಟ್ಟಿದ್ದ. "ಗಾದೇನೇ ಇದೆಯಲ್ಲಪ್ಪ. ಕಟ್ಕೊಂಡೋಳು ಕಡೇ ತನಕ, ಇಟ್ಕೊಂಡೋಳು ಇರೋ ತನಕ."

ಅವನ ಮೂವರು ಮಕ್ಕಳ ಹೊಕ್ಕುಳಬಳ್ಳಿ ಕೊಯ್ದದ್ದು ಇದೇ ಇಟ್ಟುಕೊಂಡವಳು.

ಕಾರ್ಡು ಮಗ ಮಿಲ್ಟನ್‌ಗೆ ಹೋಯಿತು. ಅವನು ಉತ್ತರದ ತಾಮ್ರದ ಗಣಿಗೆ ಹೋದ. ಕಟ್ಟಿಕೊಂಡ ಹೆಂಡತಿಯ ಹೆಸರಿಗೆ ಬದಲಾಯಿಸಬಹುದು ಎಂದು ಇನ್ನೊಂದು ನಿಯಮ ಬಂತು. ಮಿಲ್ಟನ್ ಯಾರಿತ್ಸಾಳನ್ನು ಕಚೇರಿಯಲ್ಲೇ ಮದುವೆಯಾಗಿದ್ದ, ಇಬ್ಬರೂ ದ್ರಾಕ್ಷಿ ಪ್ಯಾಕಿಂಗ್ ಕೆಲಸದಲ್ಲಿದ್ದಾಗ, ಊಟದ ಬಿಡುವಿನಲ್ಲಿ. ಗಂಟಲಿಗಿಳಿದ ಬ್ರೆಡ್ಡು ಇನ್ನೂ ಹೊಟ್ಟೆ ಸೇರಿರಲಿಲ್ಲ, ಅವಳು ಹೆಂಡತಿಯಾಗಿದ್ದಳು. ಒಟಿಲಿಯಾ ಬಾಳೆಲ್ಲ ಬಾಳಿ ಏನೂ ಆಗಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಒಟಿಲಿಯಾಳ ಪಾಲಿನ ಕಾಲ ಯಾವಾಗ ಬಂದು ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಬೇಸಿಗೆ ಬಂತು. ಗಂಟೆಬಂಡೆಗೆ ಇಳಿದವಳು ಒಟಿಲಿಯಾ. ಇನ್ಯಾರು ಇಳಿಯಬೇಕು?

ನೀರು ಸೊಂಟಕ್ಕೆ ಬಂದಾಗ ಉಸಿರು ಕಟ್ಟುತ್ತದೆ. ಎದೆಗೆ ಬಂದಾಗ ಹಲ್ಲು ತಾವಾಗಿಯೇ ಕಟಕಟ ಅನ್ನುತ್ತವೆ. ಹಳೆಯ ರಬ್ಬರ್ ಉಡುಪು ಮೊಣಕಾಲಲ್ಲಿ ಹರಿದಿತ್ತು. ಅಲೆ ಹಿಂದಕ್ಕೆ ಹೋದಾಗ ಬಂಡೆ ಹತ್ತಬೇಕು, ಬುಡವನ್ನು ಬಿಟ್ಟು ಮೇಲಕ್ಕೆ ಕೊಯ್ಯಬೇಕು, ಮುಂದಿನ ಅಲೆ ಬರುವ ಮೊದಲು ಬಂಡೆಯನ್ನು ಅಪ್ಪಿಕೊಳ್ಳಬೇಕು. ಚಿಪ್ಪುಗಳು ಎದೆ, ಹೊಟ್ಟೆ ಕೆರೆಯುತ್ತವೆ. ಉಪ್ಪು ನೀರು ಗಾಯಕ್ಕೆ ನುಗ್ಗುತ್ತದೆ. ಮತ್ತೆ ಎದ್ದು ಕೊಯ್ಯಬೇಕು. ಕೊಯ್ದದ್ದನ್ನು ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿ ದಡಕ್ಕೆ ಎಳೆಯಬೇಕು. ನೀರು ಕುಡಿದ ಪಾಚಿ ಸತ್ತ ಕರುವಿನ ಭಾರ. ಅವಳ ಬಲಹೆಗಲು ಯಾವಾಗಲೋ ಕೆಳಗೆ ಜಾರಿತ್ತು. ಮೂತ್ರ ಬಂದರೆ ಉಡುಪಿನೊಳಗೇ. ಆ ಬಿಸಿ ಒಂದು ಗಳಿಗೆ ಹಾಯೆನಿಸುತ್ತಿತ್ತು.

ದಡದಲ್ಲಿ ಯಾರಿತ್ಸಾ ಕೆಂಪು ಜಾಕೀಟು ಹಾಕಿಕೊಂಡು ಕೂತಿರುತ್ತಿದ್ದಳು. ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾರ್ಡು. ಗಾಳಿಗೆ ಅದು ತಿರುಗಿದಾಗಲೆಲ್ಲ ಬಿಸಿಲಿಗೆ ಹೊಳೆಯುತ್ತಿತ್ತು. ಬಂಡೆಯ ಮೇಲಿಂದ ಒಟಿಲಿಯಾಗೆ ಆ ಹೊಳಪು ಕಾಣುತ್ತಿತ್ತು, ಕಂಡಾಗಲೆಲ್ಲ ಕೈ ತಪ್ಪುತ್ತಿತ್ತು. ಸೊಸೆಯ ವಯಸ್ಸಿನ ಮೇಲೆ ಹೊಟ್ಟೆಕಿಚ್ಚು, ಅವಳ ಮೊಣಕಾಲಿನ ಮೇಲೆ ಹೊಟ್ಟೆಕಿಚ್ಚು, ಅವಳು ಒಣಗಿದ ಬಟ್ಟೆಯಲ್ಲಿ ಮನೆಗೆ ನಡೆಯುವುದರ ಮೇಲೆ ಹೊಟ್ಟೆಕಿಚ್ಚು. ಎಲ್ಲಕ್ಕಿಂತ ಹೆಚ್ಚು ಆ ಕಾರ್ಡಿನ ಮೇಲೆ. ಎವಾರಿಸ್ತೊ ಇನ್ನೊಬ್ಬಳ ಸೆರಗು ಹಿಡಿದು ಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಾರಿತ್ಸಾ ಸ್ನಾನಕ್ಕೆ ಹೋಗಿದ್ದಳು. ಕಾರ್ಡು ಮೊಳೆಗೆ ನೇತುಬಿದ್ದಿತ್ತು. ಒಟಿಲಿಯಾ ಅದನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಕನ್ನಡಿ ಮುಂದೆ ನಿಂತಳು. ಎದೆಯ ಮೇಲೆ ಸೊಸೆಯ ಮುಖ, ಅದರ ಮೇಲೆ ತನ್ನ ಮುಖ. ನೆಟ್ಟಗೆ ನಿಂತು ನೋಡಿದಳು. ಬಾಗಿಲಲ್ಲಿ ಯಾರಿತ್ಸಾ ಒದ್ದೆ ಕೂದಲಲ್ಲಿ ನಿಂತಿದ್ದಳು. ಒಟಿಲಿಯಾ ಕಾರ್ಡು ತೆಗೆದು ಮತ್ತೆ ಮೊಳೆಗೆ ಹಾಕಿದಳು. ಅವತ್ತಿನಿಂದ ಕಾರ್ಡು ಸೊಸೆಯ ದಿಂಬಿನ ಕೆಳಗೆ ಮಲಗತೊಡಗಿತು.

ಇಲಾಖೆಯ ಇನ್ಸ್‌ಪೆಕ್ಟರ್ ಬಂದದ್ದು ಒಂದು ಹುಣ್ಣಿಮೆಯ ಇಳಿತದಲ್ಲಿ. ಮೀಸೆ ಇನ್ನೂ ಸರಿಯಾಗಿ ಬಲಿಯದ ಹುಡುಗ, ಹೊಸ ಬೂಟು. ಒಟಿಲಿಯಾ ಹೊರೆ ಎಳೆದುಕೊಂಡು ಮರಳಿಗೆ ಬರುವ ತನಕ ಕಾದ. ಅವಳು ಕೆಮ್ಮಿ ಉಪ್ಪುನೀರು ಉಗಿಯುವ ತನಕವೂ ಕಾದ. ಮರ್ಯಾದಸ್ಥ.

"ಕಾರ್ಡು ತೋರ್ಸಿ ಅಮ್ಮ."

ಯಾರಿತ್ಸಾ ಓಡಿ ಬಂದಳು. "ಕಾರ್ಡು ನಂದು ಸಾರ್. ಇದು ನನ್ನ ಬಂಡೆ. ಇವರು ನನ್ನ... ಇವರು ಆಳು ಸಾರ್. ಕೈಗೆ ಸಹಾಯಕ್ಕೆ."

ಆಳು. ಒಟಿಲಿಯಾಳ ಕಿವಿಯಲ್ಲಿ ನೀರು ತುಂಬಿತ್ತು, ಆದರೂ ಕೇಳಿಸಿತು.

ಹುಡುಗ ತಲೆದೂಗಿದ. "ಹಾಗಾದ್ರೆ ಒಳ್ಳೇದೇ ಆಯ್ತು. ಹೊಸ ಕಾನೂನು ಬಂದಿದೆ. ಹೆಂಗಸರಿಗಂತಲೇ ಮಾಡಿರೋದು. ಕಾರ್ಡಿರೋರ ಕೈಕೆಳಗೆ ಸಹಾಯಕಿ ಅಂತ ಹೆಸರು ಬರೆಸ್ಬಹುದು. ಇಷ್ಟು ವರ್ಷ ನಿಮ್ಮನ್ನ ಯಾರೂ ಗುರುತಿಸಿರ್ಲಿಲ್ಲ, ಈಗ ಸರ್ಕಾರ ಗುರುತಿಸುತ್ತೆ. ಈ ಕಾಗದಕ್ಕೆ ಸಹಿ ಹಾಕ್ಸಿ ಇಟ್ಕೊಳ್ಳಿ. ಮುಂದಿನ ಇಳಿತಕ್ಕೆ ಬರ್ತೀನಿ. ಸಹಿ ಇಲ್ದೆ ಸಿಕ್ಕಿದ್ರೆ ದಂಡ, ಮಾಲು ಜಪ್ತಿ."

"ಯಾರ ಕೈಕೆಳಗೆ?" ಎಂದಳು ಒಟಿಲಿಯಾ.

"ಇವರ ಕೈಕೆಳಗೆ ಅಮ್ಮ." ಅವನು ಯಾರಿತ್ಸಾಳನ್ನು ತೋರಿಸಿದ.

ಮನೆಯಲ್ಲಿ ಆ ಕಾಗದ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಬಿದ್ದಿತ್ತು. ಒಲೆಯ ಮೇಲೆ ಪಾಚಿ ಮತ್ತು ಆಲೂಗೆಡ್ಡೆ ಕುದಿಯುತ್ತಿತ್ತು. ಒಟಿಲಿಯಾ ಕಾಗದದತ್ತ ನೋಡದೆ ಈರುಳ್ಳಿ ಹೆಚ್ಚುತ್ತಿದ್ದಳು.

"ಒಂದು ಸಹಿ ತಾನೆ ಅತ್ತೆ."

"ಒಂದು ಸಹಿ. ನಿನಗೆ ಒಂದು ಸಹಿಗೆ ಗಂಡ ಸಿಕ್ಕಿದ, ಬಂಡೆ ಸಿಕ್ತು. ನನಗೆ ಒಂದು ಸಹಿಗೆ ಯಜಮಾನಿ ಸಿಗ್ತಾಳೆ."

"ನಾನೇನು ನಿಮ್ಮನ್ನ ಹೊಡೀತೀನಾ? ಬೈತೀನಾ? ಮನೇಲಿ ನೀವೇ ತಾನೆ ದೊಡ್ಡೋರು. ಬರೀ ಕಾಗದದ ಮಾತು."

"ಕಾಗದದ ಮಾತಾದ್ರೆ ನೀನು ಹಾಕು. ನನ್ನ ಆಳು ಅಂತ ನೀನು ಬರೆಸ್ಕೋ."

ಯಾರಿತ್ಸಾ ಚಮಚ ಕೆಳಗಿಟ್ಟಳು. ಅವಳಿಗೂ ನಾಲಗೆಯಿತ್ತು. "ನನಗೆ ನಿಮ್ಮ ಬಂಡೆ ಬೇಕಿತ್ತಾ? ಆ ಕಡಲಿನ ಸದ್ದು ಕೇಳಿದ್ರೆ ನನಗೆ ನಿದ್ದೆ ಬರಲ್ಲ. ನಿಮ್ಮ ಮಗ ತಂದು ನನ್ನ ಕೊರಳಿಗೆ ಕಟ್ಟಿದ. ದಿನಾ ದಡದಲ್ಲಿ ಕೂತು ನೀವು ಮುಳುಗ್ತೀರೋ ಏಳ್ತೀರೋ ಅಂತ ಜೀವ ಕೈಲಿ ಹಿಡ್ಕೊಂಡು ನೋಡ್ತೀನಿ. ನೀವು ಎದ್ದು ಬಂದ್ರೆ ನನ್ನ ನುಂಗೋ ಹಾಗೆ ನೋಡ್ತೀರ. ಕಾರ್ಡು ಕದ್ದು ಹಾಕ್ಕೊಂಡ್ರಲ್ಲ, ನಾನು ಒಂದು ಮಾತು ಕೇಳಿದ್ನಾ?"

"ಕೇಳ್ಬೇಕಿತ್ತು."

"ಏನಂತ ಕೇಳ್ಲಿ?"

"ಇದು ಯಾರದು ಅಂತ ಕೇಳ್ಬೇಕಿತ್ತು. ಹೇಳ್ತಿದ್ದೆ."

ಯಾರಿತ್ಸಾಳ ಕಣ್ಣಲ್ಲಿ ನೀರು ಬಂತು. ಒಟಿಲಿಯಾಗೆ ಅದನ್ನೂ ಸಹಿಸಲಾಗಲಿಲ್ಲ. ಅಳುವುದಕ್ಕೂ ಇವಳಿಗೇ ಪುರಸೊತ್ತು. ಈರುಳ್ಳಿಯನ್ನು ಪಾತ್ರೆಗೆ ಸುರಿದು, ಸೊಸೆಯ ತಟ್ಟೆಗೆ ಮೊದಲು ಬಡಿಸಿ, ತಾನು ಉಣ್ಣದೆ ಹೊರಗೆ ಹೋದಳು.

ಮುಂದಿನ ಇಳಿತ ಅಮಾವಾಸ್ಯೆಯದು. ಬೆಳಗಾಗುತ್ತಲೇ ಕಡಲು ಹಿಂದೆ ಸರಿಯಿತು. ಒಟಿಲಿಯಾ ಇಳಿದಳು. ಗಂಟೆಬಂಡೆಯ ಹೊರಮಗ್ಗುಲಿಗೆ ಈ ಬೇಸಿಗೆ ಯಾರೂ ಕೈ ಹಾಕಿರಲಿಲ್ಲ. ಅಲ್ಲಿ ಪಾಚಿ ದಟ್ಟ. ಬೆನ್ನು ನೋಯುವ ತನಕ ಕೊಯ್ದಳು. ಅಲೆ ಹೊಡೆದಾಗಲೆಲ್ಲ ಬಂಡೆಯ ಪೊಟರೆಯೊಳಗೆ ಢಣ್ ಅನ್ನುತ್ತಿತ್ತು. ಆ ಸದ್ದು ದಡದಿಂದ ಕೇಳುವುದು ಬೇರೆ, ಬಂಡೆಗೆ ಹೊಟ್ಟೆ ಒತ್ತಿಕೊಂಡು ಕೇಳುವುದು ಬೇರೆ. ಇದು ನನ್ನದು ಎಂದು ಅವಳು ಬಾಯಿಬಿಟ್ಟು ಹೇಳಿದಳು. ಕೇಳುವವರು ಯಾರೂ ಇರಲಿಲ್ಲ.

ಹೊರೆ ಎಳೆದುಕೊಂಡು ದಡಕ್ಕೆ ಬಂದಾಗ ಇನ್ಸ್‌ಪೆಕ್ಟರ್ ಹುಡುಗ ನಿಂತಿದ್ದ. ಜೊತೆಗೆ ಅರ್ಸೆನಿಯೊ. ಬೇರೆ ಬಂಡೆಗಳಿಂದ ಬಂದವರು ಅಲ್ಲಲ್ಲೇ ಹೊರೆ ಇಳಿಸಿ ನೋಡುತ್ತಿದ್ದರು. ಎದುವಿನಾ ಮರಳಲ್ಲಿ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದಳು. ಯಾರಿತ್ಸಾ ಕಾಗದ, ಪೆನ್ನು ಹಿಡಿದುಕೊಂಡು ಬೂಟು ಸಮೇತ ನೀರಿಗೇ ಇಳಿದು ಬಂದಳು.

"ಅತ್ತೆ, ಎಲ್ಲಾ ಬರ್ದಿದೀನಿ. ನಿಮ್ಮ ಸಹಿ ಒಂದೇ. ಅವರು ಕಾಯ್ತಿದಾರೆ, ಇಲ್ಲೇ ಹಾಕ್ಬಿಡಿ."

ಒಟಿಲಿಯಾ ಹಗ್ಗ ಬಿಡದೆ ಅವಳನ್ನು ದಾಟಿ ಬಂದಳು. ಹುಡುಗನ ಬೂಟಿನ ಮುಂದೆ ಹೊರೆ ಕೆಡವಿದಳು.

"ಸಹಿ ಆಯ್ತಾ ಅಮ್ಮ?"

"ಇಲ್ಲ."

"ಯಾಕೆ?"

"ನಾನು ಆಳಲ್ಲ."

ಅರ್ಸೆನಿಯೊ ನಕ್ಕ. "ಮೂತಿ ಸೊಟ್ಟ ಮಾಡ್ಬೇಡ ಒಟಿಲಿಯಾ. ಈ ವಯಸ್ಸಲ್ಲಿ ಒಂದು ಹೆಸರು ಸಿಗ್ತಿದೆ, ತಗೋ. ನಿನ್ನ ಒಳ್ಳೇದಕ್ಕೇ ಹೇಳೋದು."

"ನಿನ್ನ ಮಕ್ಕಳನ್ನ ಕೈಗೆ ತಗೊಂಡಾಗ್ಲೂ ನಾನು ಆಳೇನಾ ಅರ್ಸೆನಿಯೊ? ಅವತ್ತು ಯಾಕೆ ಕಾರ್ಡು ಕೇಳ್ಲಿಲ್ಲ?"

ಅರ್ಸೆನಿಯೊ ಟೋಪಿಯನ್ನು ಹಣೆಗೆ ಎಳೆದುಕೊಂಡ. ಹುಡುಗನಿಗೆ ಬೇಗ ಮುಗಿಸಬೇಕಿತ್ತು. "ನೋಡಿ ಅಮ್ಮ, ನನಗೂ ಬೇಜಾರೇ. ಇರೋದು ಎರಡೇ ದಾರಿ. ಸಹಾಯಕಿ ಅಂತ ಸಹಿ ಹಾಕಿದ್ರೆ ನಾನು ಈಗ್ಲೇ ಹೋಗ್ತೀನಿ. ಇಲ್ಲ ಅಂದ್ರೆ ಕದ್ದು ಕೊಯ್ದಿದೀರ ಅಂತ ಬರೀಬೇಕಾಗುತ್ತೆ. ಕೇಸಾಗುತ್ತೆ. ಕೋರ್ಟಿಗೆ ಬರ್ಬೇಕಾಗುತ್ತೆ."

"ಬರಿ."

"ಅತ್ತೆ," ಎಂದಳು ಯಾರಿತ್ಸಾ. "ಕಳ್ಳಿ ಅಂತಾರೆ ಅತ್ತೆ."

"ಅನ್ಲಿ. ಆಳು ಅನ್ನಿಸ್ಕೊಳ್ಳೋದಕ್ಕಿಂತ ಕಳ್ಳಿನೇ ವಾಸಿ. ಕಳ್ಳಿಗೆ ಸ್ವಂತ ಹೆಸರಾದ್ರೂ ಇರುತ್ತೆ." ಒಟಿಲಿಯಾ ಹುಡುಗನ ಕಡೆ ತಿರುಗಿದಳು. "ಏನು ನೋಡ್ತೀಯ? ಬರಿಯಪ್ಪ. ಒಟಿಲಿಯಾ ಕಾರ್ವಖಾಲ್ ಅಂತ ಬರಿ."

ಅವನು ಪುಸ್ತಕ ತೆಗೆದ. ಬರೆಯತೊಡಗಿದ. "ಜಾಗ?"

"ಗಂಟೆಬಂಡೆ."

"ಎಲ್ ಮಾನ್ತೊ ಕೊಲ್ಲಿ ಅಂದ್ರೆ ಸಾಕು."

"ಸಾಲ್ದು. ಕೊಲ್ಲಿ ಎಲ್ಲರದ್ದು. ನಾನು ಕೊಯ್ದಿದ್ದು ಗಂಟೆಬಂಡೇಲಿ. ಬರಿ."

ಅವನು ಬರೆದ. "ಕಸುಬು? ಗೃಹಿಣಿ ಅಂತ ಹಾಕ್ಲಾ?"

"ಪಾಚಿ ಕೊಯ್ಯೋದು."

"ಎಷ್ಟು ದಿನದಿಂದ ಕೊಯ್ತಿದೀರ?" ಅದು ಪುಸ್ತಕದಲ್ಲಿದ್ದ ಪ್ರಶ್ನೆ. ಇವತ್ತು ಒಂದೇ ದಿನ ಎಂದರೆ ದಂಡ ಕಡಿಮೆ. ಹುಡುಗ ಕಣ್ಣಲ್ಲೇ ಅದನ್ನು ಹೇಳಲು ನೋಡಿದ. ಒಳ್ಳೆಯವನೇ.

"ಹಲ್ಲು ಬಂದಾಗಿಂದ," ಎಂದಳು ಒಟಿಲಿಯಾ. "ಅದನ್ನೂ ಬರಿ. ಒಂದಕ್ಷರ ಬಿಡ್ಬೇಡ."

ಅವನು ಎಲ್ಲ ಬರೆದ. ಸಹಿ ಮಾಡಲು ಕೊಟ್ಟ. ಒಟಿಲಿಯಾ ಕೈಯನ್ನು ಒಣಗಿದ ಮರಳಲ್ಲಿ ಉಜ್ಜಿ ಒರೆಸಿಕೊಂಡು ಸಹಿ ಹಾಕಿದಳು. ನಿಧಾನವಾಗಿ, ಪೂರ್ತಿ ಹೆಸರು. ಅವನು ಒಂದು ಪ್ರತಿ ಹರಿದು ಅವಳ ಕೈಗಿತ್ತ. ಹೊರೆಯನ್ನು ಜಪ್ತಿ ಮಾಡಿದ, ಕುಡುಗೋಲನ್ನೂ ಇಸಿದುಕೊಂಡ.

ಒಟಿಲಿಯಾ ಆ ಕಾಗದವನ್ನು ಓದಿದಳು. ಅವಳ ಹೆಸರು, ಅದರ ಕೆಳಗೆ ಬಂಡೆಯ ಹೆಸರು, ಅದರ ಕೆಳಗೆ ಕಸುಬು. ಸರ್ಕಾರದ ಮೊಹರು. ಮೊಹರಿನ ಮಗ್ಗುಲಲ್ಲಿ ಬೇರೆ ಯಾರ ಹೆಸರೂ ಇರಲಿಲ್ಲ, ಗಂಡನದೂ ಇಲ್ಲ, ಮಗನದೂ ಇಲ್ಲ, ಯಾರ ಕೈಕೆಳಗೆ ಎಂಬ ಗೆರೆಯೂ ಇಲ್ಲ. ಕದ್ದಳು ಎಂದು ಬರೆದಿತ್ತು. ಬರೆದಿರಲಿ. ಯಾರಿಂದ ಕದ್ದಳು ಎಂದು ಕೋರ್ಟಿನಲ್ಲಿ ಕೇಳಬೇಕು ಅಂದುಕೊಂಡಳು.

ಪಕ್ಕದಲ್ಲಿ ಯಾರಿತ್ಸಾ ಒದ್ದೆ ಬೂಟಿನಲ್ಲಿ ನಿಂತು ಆ ಕಾಗದವನ್ನೇ ನೋಡುತ್ತಿದ್ದಳು. ಒಂದು ಕೈ ತನಗೆ ಗೊತ್ತಿಲ್ಲದೆಯೇ ಕೊರಳ ಕಾರ್ಡನ್ನು ಹಿಡಿದುಕೊಂಡಿತ್ತು. ಅವಳ ಕಣ್ಣಲ್ಲಿದ್ದದ್ದು ಏನೆಂದು ಒಟಿಲಿಯಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಸಿಗೆಯೆಲ್ಲ ಅದೇ ಉರಿಯನ್ನು ಅವಳು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದಳು. ಅದನ್ನು ಸೊಸೆಯ ಮುಖದಲ್ಲಿ ನೋಡಿ ಅವಳಿಗೆ ಖುಷಿಯಾಯಿತು. ಆಗಬಾರದಿತ್ತು, ಆಯಿತು.

ಕಾಗದವನ್ನು ಮಡಚಿ ಯಾರಿತ್ಸಾಳ ಕೈಗೆ ಕೊಟ್ಟಳು. "ನೆನೀದಂಗೆ ಇಟ್ಕೋ. ಕೋರ್ಟಿಗೆ ಬೇಕು."

ಎದುವಿನಾ ಮುದುಕಿ ಮಂಡಿ ಹಿಡಿದುಕೊಂಡು ಎದ್ದಳು. ಸೊಂಟದಿಂದ ತನ್ನ ಕುಡುಗೋಲು ತೆಗೆದು, ಹಿಡಿಯನ್ನು ಮುಂದೆ ಮಾಡಿ ಒಟಿಲಿಯಾಗೆ ಚಾಚಿದಳು. "ಬುಡ ಮೊಂಡಾಗಿದೆ, ತುದಿ ಚೂಪಿದೆ," ಅಂದಳು.

ಒಟಿಲಿಯಾ ಅದನ್ನು ತೆಗೆದುಕೊಂಡು ನೀರಿನ ಕಡೆ ನಡೆದಳು.

"ಎಲ್ಲಿಗಮ್ಮ?" ಎಂದ ಇನ್ಸ್‌ಪೆಕ್ಟರ್.

"ಬಂಡೆಗೆ. ಇಳಿತ ಇನ್ನೂ ಮುಗಿದಿಲ್ಲ."

"ಈಗ ತಾನೆ ಬರ್ದಿದೀನಿ. ಮತ್ತೆ ಬರೀಬೇಕಾಗುತ್ತೆ."

ನೀರು ಅವಳ ಸೊಂಟಕ್ಕೆ ಬಂದಿತ್ತು. ಉಸಿರು ಕಟ್ಟಿತು, ಆದರೂ ಮಾತು ಬಂತು.

"ಬರಿ. ನಿನ್ನ ಪುಸ್ತಕ ಮುಗಿಯೋ ತನಕ ಬರಿ."